ಭಾವನ ಒಳಕಂಪ್ಯೂಟರೂ ಅಕ್ಕನ ಪಿತ್ತಕೋಶವೂ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹಿಡಿಸದಿದ್ದರೆ ವಾಪಸ್ ಹೋಗಬಹುದೇ ಎಂದು ವಿಚಾರಿಸಿಕೊಂಡೇ ಈ ಭೂಮಿಗೆ ಬಂದಿರಬೇಕೆಂದು ನನಗೆ ಬಲವಾದ ಗುಮಾನಿ. ಇಲ್ಲದಿದ್ದರೆ, ಕ್ಷೌರಕ್ಕೆ ಕೂರುವ ಮುಂಚೆ ತಮ್ಮ ತಲೆಯನ್ನು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಸಿಕೊಳ್ಳುವವರನ್ನು ನೀವೆಲ್ಲಾದರೂ ಕಂಡಿದ್ದೀರಾ? "ಕೆಟ್ಟೋದ್ರೆ ಮತ್ತೆ ಇಂಗೇ ಮಾಡ್ಬುಡಪ್ಪ" ಎಂದು ಭಾವ ಮೊಬೈಲು ತೋರಿಸಿದರೆ, ಮದ್ದೂರಿನ ಆ ಕ್ಷೌರದಂಗಡಿಯವನು, "ಮಾಡ್ಬೋದು ಸಾ, ಎರಡ್ ತಿಂಗ್ಳಾಯ್ತದೆ" ಎನ್ನುತ್ತಾನೆ.

ಒಮ್ಮೆ ಬಂಡೂರಿಗೆ ಟಗರು ಕೊಳ್ಳಲು ಹೋಗಿದ್ದೆವು. ಹಲ್ಲು ನೋಡಿ, ಬೆನ್ನು ಸವರಿ, ವ್ಯಾಪಾರ ಮುಗಿಯಿತೆನ್ನುವಾಗ ಭಾವ ಕೇಳಿದರು: "ಎಂಟ್ ದಿನ್ದೊಳ್ಗೆ ನಮ್ಗೆ ಇಡಿಸ್ನಿಲ್ಲ ಅಂದ್ರೆ ವಾಪಸ್ ತಕ್ಕತೀರಾ?" ಕುರಿಯವನು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಟಗರಿಗೆ ನೀವೇ ಇಡಿಸ್ನಿಲ್ಲ ಅಂದ್ರೆ ಯಾರ್ ವಾಪಸ್ ಓಗ್ಬೇಕು ಸಾ?" ಎಂದ. ನಾವು ಬರಿಗೈಯಲ್ಲಿ ಬಂದೆವು.

ಇಂಥವರ ಕೈಗೆ ನಮ್ಮ ಅಕ್ಕನ ಪಿತ್ತಕೋಶ ಸಿಕ್ಕಿತು. ಅದರಲ್ಲಿ ಕಲ್ಲುಗಳಿದ್ದವು. ತೆಗೆಸಿಬಿಡಿ, ಸಣ್ಣ ಆಪರೇಷನ್ನು ಎಂದರು ಮಂಡ್ಯದ ಡಾಕ್ಟರು. ಭಾವ ಮುಂದೆ ಬಾಗಿ, "ತಗ್ದುದ್ನ ಬೇಕಾದ್ರೆ ಮತ್ತೆ ಇಡಾಕಾಯ್ತದಾ ಡಾಕ್ಟ್ರೇ?" ಎಂದರು. ಡಾಕ್ಟರು ಕನ್ನಡಕ ತೆಗೆದು, "ಇಟ್ಕೊಂಡು ಏನ್ರೀ ಮಾಡ್ತೀರಾ?" ಎಂದರು. ಭಾವ ಆಪರೇಷನ್ನಿನ ಒಪ್ಪಿಗೆ ಪತ್ರವನ್ನು, ಮನೆಯಲ್ಲಿ ಓದಿ ಸಹಿ ಮಾಡುತ್ತೇನೆಂದು, ಬ್ಯಾಗಿಗೆ ಹಾಕಿಕೊಂಡು ಬಂದರು. ಎರಡು ತಿಂಗಳಾದರೂ ಅದು ಬ್ಯಾಗಿನಲ್ಲೇ ಇತ್ತು. ಅಕ್ಕನೋ, ಅವರ ಸಹಿಯಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತಲೊಲ್ಲಳು. ವಾರಕ್ಕೊಮ್ಮೆ ಬಲ ಪಕ್ಕೆ ಹಿಡಿದುಕೊಂಡು ಮುದುಡಿ ಮಲಗುವಳು. ಕೇಳಿದರೆ ಭಾವನದು ಒಂದೇ ಮಾತು: "ಆಪೀಸಿನ್ ಅಪ್‌ಗ್ರೇಡ್ ಒಂದ್ ಮುಗುದ್ಬುಡ್ಲಿ."

ಈ ಅಪ್‌ಗ್ರೇಡ್ ಏನೆಂದು ಹೇಳಿಬಿಡುತ್ತೇನೆ. ಮದ್ದೂರಿನ ಆಚೆಗೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಿದೆ. ಅಲ್ಲಿನ ಕಂಪ್ಯೂಟರ್ ವಿಭಾಗ ಭಾವನದು. ಹಾಜರಿ, ಸ್ಟೋರು, ಗೇಟು ಹೀಗೆ ಹತ್ತಾರು ಸಾಫ್ಟ್‌ವೇರುಗಳನ್ನು ಮೇಲ್ವಿಚಾರಣೆ ಮಾಡುವ ಒಂದು ಕಂಪ್ಯೂಟರ್ ಅಲ್ಲಿದೆ. ಆದರೆ ಅದಕ್ಕೆ ಮೈಯಿಲ್ಲ. ದೊಡ್ಡ ಕಂಪ್ಯೂಟರಿನೊಳಗೆ, ದೊಡ್ಡ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಸಂಸಾರದ ಹಾಗೆ, ತನ್ನ ಪಾಡಿಗೆ ತಾನಿದೆ. ಭಾವ ಅದನ್ನು ಒಳಕಂಪ್ಯೂಟರ್ ಎನ್ನುತ್ತಾರೆ. ಅದು ಹಳೆಯದಾಗಿತ್ತು. ಪಕ್ಕದ ಕೋಣೆಯಲ್ಲಿ ಹೊಸದೊಂದನ್ನು ಕೂರಿಸಿ, ಹಳೆಯದರ ಸಾಮಾನೆಲ್ಲ ಅದಕ್ಕೆ ಸಾಗಿಸಿ, ಹಳೆಯ ವಿಳಾಸವನ್ನೂ ಅದಕ್ಕೇ ಕೊಟ್ಟು, ಕೊನೆಗೆ ಹಳೆಯದನ್ನು ಅಳಿಸಿ ಜಾಗ ಬಿಡಿಸಬೇಕು. ಅಳಿಸುವ ಮಾತು ಬಂದಾಗಲೆಲ್ಲ ಭಾವನಿಗೆ ಜ್ವರ ಬರುತ್ತಿತ್ತು. ಈ ಭಾನುವಾರ ಮುಗಿಯಲೇಬೇಕು ಎಂದು ಮೇಲಿನ ಆಫೀಸಿನವರು ಕೊನೆಗೂ ಗದರಿದರು.

ಆ ಭಾನುವಾರ ಭಾವ ನನ್ನನ್ನು ಮಳವಳ್ಳಿಯಿಂದ ಕಾರ್ಖಾನೆಗೆ ಕರೆಸಿದರು. ನಾನು ಕನ್ನಡ ಮೇಷ್ಟ್ರು, ನನಗೂ ಇದಕ್ಕೂ ಏನು ಸಂಬಂಧ? ಇದೆಯಂತೆ. ಇಂಥ ಕೆಲಸಕ್ಕೆ ಇಬ್ಬರು ಬೇಕು, ಓದುವವನು ಕೀಲಿಮಣೆ ಮುಟ್ಟಬಾರದು, ಮುಟ್ಟುವವನು ಓದಬಾರದು ಎಂಬುದು ಭಾವನ ಕಟ್ಟಳೆ. ಅವರೇ ಕನ್ನಡದಲ್ಲಿ ಬರೆದಿಟ್ಟಿದ್ದ ಮೂವತ್ತು ಪುಟದ ಕ್ರಮವನ್ನು ನನ್ನ ಕೈಗಿತ್ತರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಅರ್ಧ ಗಂಟೆಯಾಗುವಷ್ಟರಲ್ಲಿ ಪರದೆಯ ಮೇಲೆ ಎರಡು ಹೊಸ ಒಳಕಂಪ್ಯೂಟರುಗಳು, ಒಂದೇ ವಿಳಾಸ ತನ್ನದು ತನ್ನದೆಂದು ಜಗಳಕ್ಕೆ ನಿಂತಿದ್ದವು.

"ಒಂದೊಂದ್ ಸಾಲ್ನೂ ಯಾಕ್ಲಾ ಎರಡೆರಡ್ ಸಲ ಓದ್ದೆ?" ಎಂದರು ಭಾವ.

"ಉಕ್ತಲೇಖನ ಅಂದ್ರೆ ಎರಡ್ ಸಲ ಓದ್ಬೇಕು ಭಾವ, ಇಪ್ಪತ್ ವರ್ಸದ್ ಅಭ್ಯಾಸ. ನೀವ್ಯಾಕೆ ಎರಡ್ ಸಲ ಮಾಡುದ್ರಿ?"

"ಓದೋನ್ ಏಳುದ್ನ ಮುಟ್ಟೋನ್ ಮಾಡ್ಬೇಕು ಕಣ್ಲಾ. ರೂಲ್ಸು."

ಇನ್ನೂ ಖಾಲಿಯಿದ್ದ ಆ ಅವಳಿಗಳಲ್ಲಿ ಒಂದನ್ನು ತೆಗೆದು, ಉಳಿದದ್ದಕ್ಕೆ ಸಾಮಾನು ಸಾಗಿಸಿ ಮುಗಿಸುವಾಗ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಳು. ಹೊಸದು ಸರಿಯಾಗಿ ಓಡುತ್ತಿತ್ತು. ಉಳಿದದ್ದು ಒಂದೇ ಕೆಲಸ. ಪರದೆಯಲ್ಲಿ ಕಂಡದ್ದನ್ನು ನಾನು ಓದಿದೆ: ಹಳೆಯದನ್ನು ಅಳಿಸಿದರೆ ಮತ್ತೆ ಪಡೆಯಲಾಗದು, ಮುಂದುವರಿಯಲೇ?

ಭಾವನ ಬೆರಳು ಕೀಲಿಯ ಮೇಲೆ ನಿಂತಿತು. ಐದು ನಿಮಿಷವಾಯಿತು, ಹತ್ತಾಯಿತು. ನಗಬೇಕೆಂದುಕೊಂಡವನು ಅಕ್ಕನ ಕಡೆ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು, ಕೈ ಪಕ್ಕೆಯ ಮೇಲಿತ್ತು.

"ಬಸ್ ಸ್ಟ್ಯಾಂಡಿಂದ ಬರೋವಾಗ ಎರಡ್ ಕಡೆ ಕುಂತ್ಕಂಡು ಬಂದೆ" ಎಂದಳು ಮೆಲ್ಲಗೆ. "ಇನ್ ನನ್ ಕೈಲಾಗಾಕಿಲ್ಲ ಕಣ್ರೀ."

ಭಾವ ಅವಳನ್ನೇ ನೋಡುತ್ತ ಕೀಲಿ ಒತ್ತಿಬಿಟ್ಟರು. ಪರದೆಯ ಕಡೆಗೆ ತಿರುಗಲೂ ಇಲ್ಲ. ಬ್ಯಾಗು ತೆರೆದು ಆಸ್ಪತ್ರೆಯ ಕಾಗದ ತೆಗೆದರು. ಮಡಿಚಿ ಮಡಿಚಿ ಅದು ಬಟ್ಟೆಯಷ್ಟು ಮೆತ್ತಗಾಗಿತ್ತು.

"ಓದ್ಲಾ ಭಾವ?" ಎಂದೆ.

"ಬ್ಯಾಡ ಕಣ್ಲಾ. ದಿನಾ ಓದಿವ್ನಿ. ಪ್ರಾಣಕ್ಕೆ ಏನಾರ ಆದ್ರೆ ಅಂತ ಒಂದ್ ಸಾಲ್ ಅದೆ ಅದ್ರಲ್ಲಿ. ಅಲ್ಲಿಂದ ಮುಂದಕ್ ಓಗಾಕೇ ಆಗ್ತಿರ್ನಿಲ್ಲ."

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಭಾವ ಪೆನ್ನು ಊರಿದರು. ಮೆತ್ತಗಾದ ಕಾಗದ ಪೆನ್ನಿನ ಜೊತೆಗೇ ಸರಿದು ಮೊದಲ ಅಕ್ಷರವೇ ಮೂಡಲಿಲ್ಲ. ಅಕ್ಕ ಎದ್ದು ಬಂದಳು. ನೋಯುತ್ತಿದ್ದ ಪಕ್ಕೆಯಿಂದ ಕೈ ತೆಗೆದು, ಕಾಗದ ಅಲ್ಲಾಡದಂತೆ ಒತ್ತಿ ಹಿಡಿದಳು.