ಭಾವನವರ ಮಷೀನು ಏನೆನ್ನುತ್ತದೆ?

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳಲ್ಲಿ ಮರ್ಯಾದಸ್ಥರ ಬಾಯಿಂದ ಅತಿ ವಿಚಿತ್ರ ಶಬ್ದಗಳನ್ನು ಹೊರಡಿಸಿದವರು ಯಾರೆಂದು ಕೇಳಿದರೆ, ನಾನು ಕಿಂಚಿತ್ತೂ ಸಂಕೋಚವಿಲ್ಲದೆ ನನ್ನ ಅಕ್ಕನ ಗಂಡನತ್ತ ಬೆರಳು ತೋರಿಸುತ್ತೇನೆ. ಸಖರಾಯಪಟ್ಟಣದಲ್ಲಿ ತೆಂಗಿನ ತೋಟ ಮಾಡಿಕೊಂಡಿರುವ ಭಾವನವರ ಬಳಿ ಮರ ಕೊಯ್ಯುವ ಚೈನ್‌ಸಾ ಒಂದಿದೆ. ಅದು ಕೆಟ್ಟಾಗ (ಕೆಡದಿರುವುದು ಯಾವಾಗ?) ಅವರು ಅದನ್ನು ಸ್ಟಾರ್ಟ್ ಮಾಡಿ, ಆರಿಸಿ, ಎದುರಿಗೆ ಸಿಕ್ಕವರನ್ನು ಕೇಳುತ್ತಾರೆ: "ಏನಂತು? ಹಂಗೇ ಅಂದು ತೋರ್ಸಿ!"

ತೋರಿಸಲೇಬೇಕು! ಭಾವನ ಮಗಳನ್ನು ನೋಡಲು ಅಜ್ಜಂಪುರದಿಂದ ಬಂದಿದ್ದ ಗಂಡಿನ ತಂದೆ, ಜರಿ ಶಲ್ಯ ಹೊದ್ದು, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ, "ಡುರ್ರ್... ಡುರ್ರ್... ಕುಯ್ಯ್ಯ್" ಎಂದರು.

"ಕುಯ್ಯ್ ಅಂತದಾ? ಗ್ಯಾರಂಟಿನಾ?" ಎಂದು ಭಾವ ಇನ್ನೊಮ್ಮೆ ಅನ್ನಿಸಿದರು. ಸಂಬಂಧವೇನೋ ಕುದುರಿತು. ಆದರೆ ಆ ಬೀಗರು ಈಗಲೂ ಚಪ್ಪಲಿ ಬಿಡುವ ಮೊದಲು, ಮಷೀನು ಜಗಲಿಯ ಮೇಲಿದೆಯೇ ಎಂದು ಇಣುಕಿ ನೋಡುತ್ತಾರೆ!

ನಾನಾದರೋ ಇಪ್ಪತ್ತೇಳು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವನು, "ಸದ್ದು!" ಎಂಬ ಒಂದೇ ಪದದಿಂದ ಅರವತ್ತು ಮಕ್ಕಳನ್ನು ತೆಪ್ಪಗಾಗಿಸಿದವನು. ಏನಾದರೂ ಆಗಲಿ, ನನ್ನ ಬಾಯಿಂದ ಎಂಜಿನ್ನಿನ ಸದ್ದು ಹೊರಡದೆಂದು ನಿಶ್ಚಯಿಸಿದ್ದೆ.

ಹೀಗಿರುವಾಗ ಒಂದು ದಿನ ಅಕ್ಕನ ಫೋನು. ಸಿಡಿಲು ಬಡಿದು ಸುಳಿ ಸತ್ತ ತೆಂಗಿನ ಮರವೊಂದು ಕೊಟ್ಟಿಗೆಯತ್ತ ವಾಲಿದೆ; ಗಾಳಿ ಜೋರಾಗುವುದರೊಳಗೆ ಕೆಡವಬೇಕು; ಮಷೀನು ಸರಿಯಿಲ್ಲ; ಭಾವ ಬೇರೆಯವರನ್ನು ಕರೆಸಲು ಒಪ್ಪುತ್ತಿಲ್ಲ.

"ನೀನು ಬಂದು ಅವರ ಮುಂದೆ ನಿಂತ್ಕೊಳ್ಳೋ, ಅಷ್ಟೇ ಸಾಕು," ಎಂದಳು.

ನನ್ನ ಸನ್ನಿಧಿಗೆ ಅಷ್ಟೊಂದು ಪ್ರಭಾವವಿದೆಯೇ ಎಂದು ಹಿಗ್ಗಿದೆ. ಕಡೂರಿನಲ್ಲಿ ಬಸ್ಸು ಹತ್ತಿದ ಮೇಲೆ ಹಿಗ್ಗು ಇಳಿಯಿತು. ದಾರಿಯುದ್ದಕ್ಕೂ ಆ ಮರ ಭಾವನ ಮೇಲೆ ಬೀಳುವುದನ್ನು ನಾಲ್ಕು ದಿಕ್ಕುಗಳಿಂದಲೂ ಕಲ್ಪಿಸಿಕೊಂಡು ಬೆವರಿದೆ.

ಕ್ರಮವೆಂದರೆ ಕ್ರಮ. ತೋಟ ತಲುಪಿದೊಡನೆ, ನೋಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ: ಪೆಟ್ರೋಲು, ಏರ್ ಫಿಲ್ಟರು, ಪ್ಲಗ್ಗು, ಕಾರ್ಬುರೇಟರು. ಹಳೆಯ ಪೆಟ್ರೋಲು ಚೆಲ್ಲಿ, ಆಯಿಲ್ ಬೆರೆಸಿದ ಹೊಸದನ್ನು ತುಂಬಿದೆವು. ಫಿಲ್ಟರನ್ನು ಭಾವ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಅದು ನನ್ನ ಬ್ರಷ್ಷೆಂದು ತಿಳಿದದ್ದು ಮರುದಿನ ಬೆಳಿಗ್ಗೆ! ಪ್ಲಗ್ಗನ್ನೂ ಬದಲಿಸಿದೆವು. ಇಷ್ಟಾದರೂ ಮಷೀನು ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ಕೀರಲು ದನಿ ತೆಗೆದು ಆರಿಹೋಗುತ್ತದೆ.

"ಏನಂತು ಮೇಷ್ಟ್ರೇ?"

"ಶಬ್ದ ಕರ್ಕಶವಾಗಿದೆ, ಭಾವ."

"ವರ್ಣನೆ ಯಾರಿಗ್ರೀ ಬೇಕು? ಅಂದು ತೋರ್ಸಿ!"

ತೋರಿಸಲಿಲ್ಲ. ಅದರ ಬದಲು ತರೀಕೆರೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿ, ಫೋನನ್ನು ಮಷೀನಿನ ಬಳಿ ಹಿಡಿದೆ.

"ಅದು ಕಿರುಚ್ತಾ ಇದೆಯಲ್ಲ ಸಾರ್! ಪೆಟ್ರೋಲು ಸಾಲ್ತಾ ಇಲ್ಲ. ನಿಮ್ಮ ಭಾವ ಕಾರ್ಬುರೇಟರ್ ಸ್ಕ್ರೂ ಮತ್ತೆ ಬಿಗಿ ಮಾಡಿದಾರೆ. ಕಾಲು ಸುತ್ತು ಸಡಿಲ ಬಿಡಿ. ಮೂರು ಸಲ ನಾನೇ ಸರಿ ಮಾಡಿ ಕಳ್ಸಿದೀನಿ. ಇಷ್ಟು ಕಿರುಚಿದ್ರೂ ಕೇಳಲ್ವಾ ಅವರಿಗೆ?"

ನಾನು ನಕ್ಕೆ. ನನ್ನ ಮುಖ ನೋಡಿ ಭಾವನೂ ನಕ್ಕರು.

ಸ್ಕ್ರೂ ಸಡಿಲಿಸಿದೆವು, ಮಷೀನು ಸರಾಗವಾಗಿ ಓಡಿತು. ಮರಕ್ಕೆ ಹಗ್ಗ ಬಿಗಿದು, ಇಬ್ಬರು ಆಳುಗಳು ದೂರದಲ್ಲಿ ನಿಂತು ಬಯಲಿನತ್ತ ಎಳೆದು ಹಿಡಿದರು. ಭಾವ ಕೊಯ್ಯತೊಡಗಿದರು. ಕಾಲುಭಾಗವೂ ಕೊಯ್ದಿರಲಿಲ್ಲ, ಹಗ್ಗ ಸರ್ರನೆ ಕೆಳಗೆ ಜಾರಿತು! ಆಳುಗಳು ಕೂಗಿದರು. ಮಷೀನಿನ ಅಬ್ಬರದಲ್ಲಿ ಯಾರ ಕೂಗು ಯಾರಿಗೆ? ನಾನು ಕಂಕುಳಲ್ಲಿದ್ದ ಕೊಡೆಯನ್ನೇ ಅವರ ಮುಂದೆ ಎಸೆದೆ.

ಭಾವ ಮಷೀನು ಆರಿಸಿ ನನ್ನನ್ನು ದುರುಗುಟ್ಟಿ ನೋಡಿದರು. "ಏನ್ ಮೇಷ್ಟ್ರೇ, ಕೊಡೆ ಯಾಕ್ರೀ ಎಸಿತೀರಾ?"

ಈಗ ಎಲ್ಲೆಡೆ ನಿಶ್ಶಬ್ದ. ಅವರ ಬೆನ್ನ ಹಿಂದಿನಿಂದ ಆಳೊಬ್ಬ ಗಂಟಲು ಹರಿಯುವಂತೆ ಕೂಗಿದ: "ಯಜಮಾನ್ರೇ, ಮರದ ಕೆಳಗಿಂದ ಈಚೆ ಬನ್ನಿ!" ಅಡುಗೆಮನೆಯಿಂದ ಕುಕ್ಕರ್ ಕೂಡ ವಿಶಲ್ ಹಾಕಿತು. ಭಾವ ಕದಲಲಿಲ್ಲ, ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತೇ ಇದ್ದರು.

ನಾನು ಓಡಿಹೋಗಿ ಅವರ ತೋಳು ಹಿಡಿದು ಈಚೆಗೆ ಎಳೆದೆ. ಆಮೇಲೆ, ತುಟಿ ಕಾಣುವಂತೆ, ನಿಧಾನವಾಗಿ ಕೇಳಿದೆ: "ಎಷ್ಟು ದಿನದಿಂದ, ಭಾವ?"

ಅವರು ಬಗ್ಗಿ ಕೊಡೆ ಎತ್ತಿಕೊಂಡು, ಅದರ ಮಣ್ಣು ಒರೆಸಿದರು. "ಡುರ್ರ್ ಅನ್ನೋದು ಕೇಳ್ತದೆ. ಕುಯ್ಯ್ ಅನ್ನೋದು ಕೇಳಲ್ಲ. ಹಿಂದಿನಿಂದ ಕರೆದ್ರೂ ಗೊತ್ತಾಗಲ್ಲ... ನಿಮ್ಮ ಅಕ್ಕನಿಗೆ ಹೇಳ್ಬೇಡಿ ಮೇಷ್ಟ್ರೇ, ಅವಳು ಕೊರಗ್ತಾಳೆ."

ಅಕ್ಕ ಅವರ ಬೆನ್ನ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ, ಸೌಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಅವರ ಮುಂದೆ ನಿಲ್ಲಲು ನನ್ನನ್ನೇಕೆ ಕರೆಸಿದಳೆಂದು ಆಗ ಅರ್ಥವಾಯಿತು.

ದೋಟಿಯಿಂದ ಹಗ್ಗವನ್ನು ಮತ್ತೆ ಮೇಲೇರಿಸಿ ಬಿಗಿದರು. ಮರ ಬೀಳದ ಮಗ್ಗುಲು ನೋಡಿಕೊಂಡು, ಭಾವನ ಕಣ್ಣಿಗೆ ನೇರವಾಗಿ ನಾನು ನಿಂತೆ. ಅವರು ಮಷೀನು ಸ್ಟಾರ್ಟ್ ಮಾಡಿ, ಹುಬ್ಬೇರಿಸಿ, ನನ್ನ ಬಾಯನ್ನೇ ನೋಡಿದರು.

ಆಳುಗಳ ಎದುರಿಗೇ ನಾನು ಕೆನ್ನೆ ಉಬ್ಬಿಸಿದೆ.

"ಡುರ್ರ್... ಡುರ್ರ್... ಡುರ್ರ್..."

ಭಾವ ತಲೆಯಾಡಿಸಿ ಮರದ ಕಡೆ ತಿರುಗಿದರು. ಮರ ಬಯಲಿಗೆ ಬಿದ್ದು, ಅವರು ಮಷೀನು ಆರಿಸುವವರೆಗೂ ನಾನು ನಿಲ್ಲಿಸಲಿಲ್ಲ.