ಕರೆಂಟು ಸೋಸುವ ಡಬ್ಬಿ

ಮನೆಯ ಯಜಮಾನರಿಗೆ ಯಾವುದಾದರೂ ಒಂದು ಹುಚ್ಚು ಇದ್ದರೆ ಆ ಮನೆಯವರು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವಾರಕ್ಕೊಮ್ಮೆಯಾದರೂ ಏನಾದರೊಂದು ನಡೆದೇ ನಡೆಯುತ್ತದೆ. ನಮ್ಮ ಯಜಮಾನರಿಗೆ ಇದ್ದದ್ದು ಹಾಡು ಕೇಳುವ ಹುಚ್ಚು. ಅದಕ್ಕಿಂತ ಹೆಚ್ಚಾಗಿ, ಹಾಡು ಕೇಳಿಸುವ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವ ಹುಚ್ಚು.

ಅವರು ದನದ ಡಾಕ್ಟರು. ಎಂಬತ್ತರ ದಶಕದಲ್ಲಿ ನಾವು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಮುಂದೆ ದವಾಖಾನೆ, ಹಿಂದೆ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ದಿನವಿಡೀ ಎಮ್ಮೆ, ಎತ್ತುಗಳ ನಡುವೆ ದುಡಿದು ಬಂದು, ಜಳಕ ಮಾಡಿ, ಪಡಸಾಲೆಯಲ್ಲಿ ಕೂತು ಹಾಡು ಹಚ್ಚಿದರೆಂದರೆ ಅವರ ಮುಖವೇ ಬೇರೆಯಾಗುತ್ತಿತ್ತು. ಒಂದು ಟೇಪ್ ಡೆಕ್ಕು, ತಾವೇ ಕೂತು ಜೋಡಿಸಿದ ಒಂದು ಆಂಪ್ಲಿಫೈಯರು, ಬಡಿಗೇರರಿಂದ ಮಾಡಿಸಿದ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ. ಆ ಊರಿನಲ್ಲಿ ಅವರ ಜೊತೆ ರಾಗದ ಬಗ್ಗೆ ಮಾತಾಡುವವರು ಯಾರೂ ಇರಲಿಲ್ಲ. ಆ ಪೆಟ್ಟಿಗೆಗಳೇ ಅವರ ಗೆಳೆಯರು.

ಗುಂಗಿ ಹುಳ

ಎಲ್ಲ ಸರಿಯಾಗಿತ್ತು, ಹಾಡಿನ ಹಿಂದೆ ಬರುವ ‘ಗುಂಯ್’ ಎಂಬ ಸದ್ದೊಂದನ್ನು ಬಿಟ್ಟು. ಅತ್ತೆ ನಮ್ಮಲ್ಲಿಗೆ ಬಂದ ಹೊಸತರಲ್ಲಿ ಅದನ್ನು ಗುಂಗಿ ಹುಳವೆಂದೇ ತಿಳಿದು, ಕಸಬರಿಗೆ ಹಿಡಿದು ಪಡಸಾಲೆಯೆಲ್ಲ ಹುಡುಕಿ, ಕೊನೆಗೆ ಸ್ಪೀಕರಿಗೇ ಎರಡು ಬಾರಿಸಿದ್ದರು. ಅದು ಹುಳವಲ್ಲ, ಕರೆಂಟಿನ ಸದ್ದು ಎಂದು ಮಗ ಹೇಳಿದಾಗಲೂ ಕಸಬರಿಗೆ ಕೆಳಗಿಡಲಿಲ್ಲ.

ಒಂದು ದಿನ ಇವರು ಹುಬ್ಬಳ್ಳಿಗೆ ಹೋಗಿ ಕುಂಬಳಕಾಯಿಯಷ್ಟು ಭಾರದ ಟ್ರಾನ್ಸ್‌ಫಾರ್ಮರು, ನಾಲ್ಕಾರು ದಪ್ಪ ಕಂಡೆನ್ಸರು ತಂದರು. ರಜೆಯ ದಿನ ಹಗಲೆಲ್ಲ ಕೂತು ಅವನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಜೋಡಿಸಿದರು. ಅತ್ತೆ ಡಬ್ಬಿಯನ್ನು ಎತ್ತಿ ನೋಡಿದರು.

“ಇಷ್ಟು ವಜ್ಜಾ ಐತಲ್ಲೋ ತಮ್ಮಾ, ಹಾಡೆಲ್ಲಾ ಇದರಾಗ ಅದಾವೇನು?”

“ಇದರಾಗ ಹಾಡಿಲ್ಲ ಯವ್ವಾ. ಇದು ಕರೆಂಟ್ ಸೋಸತೈತಿ. ಕರೆಂಟಿನ್ಯಾಗಿನ ಹೊಲಸೆಲ್ಲಾ ತಗದು, ಅಗದಿ ಶುದ್ಧ ಮಾಡಿ ಆಂಪ್ಲಿಫೈಯರಿಗೆ ಕೊಡತೈತಿ.”

ಅತ್ತೆ ಗಾಬರಿಯಾದರು. “ಕರೆಂಟ್ ಹೊಲಸ ಇರತೈತೇನು? ಇಷ್ಟು ದಿನಾ ಅದರ ಬೆಳಕಿನ್ಯಾಗ ನಾ ಲಿಂಗಪೂಜಿ ಮಾಡೀನಲ್ಲೋ!”

ಅವತ್ತಿನಿಂದ ಪೂಜೆಗೆ ಎಣ್ಣೆ ದೀಪವೇ. ಎದ್ದು ಒಳಗೆ ಹೋಗುವಾಗ ಮಗನಿಗೆ ಒಂದು ಮಾತನ್ನೂ ಹಾಕಿದರು: “ಇದರಿಂದನೂ ಫರಕ ಆಗಲಿಲ್ಲಂದ್ರ ಈ ಪೆಟಗಿ ಎಲ್ಲಾ ಅಟ್ಟಕ್ಕ ಏರಸು. ನನಗ ಹಾಸಿಗಿ ಹಾಸಾಕ ಜಾಗಾ ಇಲ್ಲ.” ಇವರು “ಹೂಂ” ಅಂದುಬಿಟ್ಟರು. ಒಮ್ಮೆ ಹೂಂ ಅಂದರೆ ಮಾತು ತಪ್ಪುವ ಮನುಷ್ಯರಲ್ಲ ಅವರು.

ಎತ್ತಿನ ಒಡೆಯ

ಈಗ ಫರಕು ಆಗಿದೆಯೋ ಇಲ್ಲವೋ ತೀರ್ಮಾನಿಸುವವರು ಯಾರು? ಇವರಿಗೇನೋ ಸದ್ದು ಇಳಿದಿದೆ, ಹಾಡು ಬಿಡಿಬಿಡಿಯಾಗಿ ಕೇಳುತ್ತಿದೆ ಅನಿಸುತ್ತಿತ್ತು. ಆದರೆ ನಮ್ಮೂರ ಕರೆಂಟು ಬೆಳಿಗ್ಗೆ ಇದ್ದಂತೆ ಸಂಜೆಗೆ ಇರುತ್ತಿರಲಿಲ್ಲ. ಹೊಲದ ಪಂಪ್‌ಸೆಟ್ಟುಗಳು ಚಾಲೂ ಆದರೆ ಬಲ್ಬು ಕೆಂಪಗಾಗುತ್ತಿತ್ತು, ನಿಂತರೆ ಬೆಳ್ಳಗಾಗುತ್ತಿತ್ತು. ಸುಧಾರಿಸಿದ್ದು ಡಬ್ಬಿಯಿಂದಲೋ, ಪಂಪ್‌ಸೆಟ್ಟು ನಿಂತದ್ದರಿಂದಲೋ?

“ಕಷ್ಟಪಟ್ಟು ಮಾಡಿದಾಂವ ನಾನು. ನನ್ನ ಕಿವಿ ನನ್ನ ಕಡೇನ ಮಾತಾಡತಾವ. ಬ್ಯಾರೆದವರು ಕೇಳಿ ಹೇಳಬೇಕು,” ಎಂದು, ಆಂಪ್ಲಿಫೈಯರಿಗೆ ಇದುವರೆಗೆ ಕರೆಂಟು ಕೊಡುತ್ತಿದ್ದ ಹಳೆಯ ಡಬ್ಬಿ, ಈ ಹೊಸ ಡಬ್ಬಿ ಎರಡನ್ನೂ ಇಟ್ಟು ನಡುವೆ ಒಂದು ಸ್ವಿಚ್ಚು ಕೂಡಿಸಿದರು. ಸ್ವಿಚ್ಚು ಈ ಕಡೆ ಒತ್ತಿದರೆ ಹಳೆಯದು, ಆ ಕಡೆ ಒತ್ತಿದರೆ ಹೊಸದು.

ಮೊದಲು ಸಿಕ್ಕವನು ಕುಬಿಹಾಳದ ಒಬ್ಬ ರೈತ. ಹೊಟ್ಟೆ ಉಬ್ಬಿದ ಎತ್ತು ಹೊಡೆದುಕೊಂಡು ಬಂದಿದ್ದ. ಇವರು ಎತ್ತಿಗೆ ಔಷಧ ಕುಡಿಸಿ, “ಇನ್ನ ಸ್ವಲ್ಪ ಹೊತ್ತು ಕಾಯಬೇಕು, ಬಾ ಒಳಗ,” ಎಂದು ಅವನನ್ನು ಪಡಸಾಲೆಗೆ ಕರೆತಂದು ಕೂಡಿಸಿದರು. ಅವನು ಔಷಧದ ಮುಂದಿನ ಭಾಗ ಇದೇ ಇರಬೇಕೆಂದು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟು ಕೂತ.

“ಈಗ ಒಂದು ಕೇಳು. ಹಾಂ, ಈಗ ಇನ್ನೊಂದು. ಯಾವುದು ಚಲೋ ಐತಿ?”

“ಎರಡೂ ಚಲೋ ಅದಾವ್ರಿ ಸಾಹೇಬ್ರ.”

“ಹಂಗಲ್ಲೋ, ಲಕ್ಷ್ಯ ಕೊಟ್ಟು ಕೇಳು. ಒಳಗ ಗುಂಯ್ ಅಂತೈತೇನು?”

ಅವನು ಕಣ್ಣು ಮುಚ್ಚಿ, ಭಕ್ತಿಯಿಂದ ಕೇಳಿದ. ಆಮೇಲೆ ಕೈ ಮುಗಿದು ಹೇಳಿದ: “ಇಲ್ಲಿ ನನಗೇನೂ ತಿಳಿಯವಲ್ದರಿ. ಆದರ ಎತ್ತಿನ ಹೊಟ್ಟ್ಯಾಗ ಮುಂಜಾನಿಂದ ಗುಂಯ್ ಅನ್ನಾಕತ್ತೈತ್ರಿ. ಇದನ್ನ ಅದಕ್ಕ ಹಚ್ಚಿ ನೋಡೂಣೇನ್ರಿ?”

ಎತ್ತು ಗುಣವಾಯಿತು. ಅವನು ಮರುವಾರ ಒಂದು ಚೀಲ ಹಸಿ ಶೇಂಗಾ ತಂದು ಕೊಟ್ಟು, “ಔಷಧಕ್ಕಲ್ರಿ, ಹಾಡಿಗೆ,” ಎಂದು ಹೇಳಿ ಹೋದ.

ಮಾಸ್ತರರ ಕಡಲೆ

ಬಾಜು ಮನೆಯಲ್ಲಿ ಒಬ್ಬ ರಿಟೈರ್ ಆದ ಮಾಸ್ತರರಿದ್ದರು. ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕೇಳಿದ್ದನ್ನು ಗುರುತಿಸುವ ಕಿವಿ ಇರುವವರು ಎಂದು ಇವರು ಅವರನ್ನು ಕರೆದರು. ಮಾಸ್ತರರು ಗೋಡೆಗೆ ಒರಗಿ ಕೂತು, ಒಂದು ಹಾಡನ್ನು ಹಳೆಯದರಲ್ಲಿ, ಅದನ್ನೇ ಹೊಸದರಲ್ಲಿ ಕೇಳಿದರು. ತಲೆದೂಗಿದರು.

“ಡಾಕ್ಟರ, ಭಾಳ ಫರಕ ಐತ್ರಿ. ಮೊದಲನೇದು ಒಣಾ ಕಡ್ಲಿ ತಿಂದಂಗ. ಎರಡನೇದು ನೆನಸಿದ ಕಡ್ಲಿ ತಿಂದಂಗ. ಅಷ್ಟು ಮಿದು!”

ಇವರ ಸಂತೋಷ ಹೇಳತೀರದು. ನನಗೆ ಚಹಾ ಇಡಲು ಹೇಳಿದರು. ಚಹಾ ಕುದಿಯುವಷ್ಟರಲ್ಲಿ ಪಡಸಾಲೆಯಲ್ಲಿ ಹಾಡು ನಿಂತುಬಿಟ್ಟಿತು. ಹಣಿಕಿ ನೋಡಿದರೆ ಇವರು ಸ್ವಿಚ್ಚಿನ ಹಿಂದೆ ಬಗ್ಗಿ ಕೂತಿದ್ದಾರೆ, ಕೈಯಲ್ಲಿ ಬಿಚ್ಚಿಕೊಂಡ ಒಂದು ವೈರು. ಹೊಸ ಡಬ್ಬಿ ಜೋಡಣೆಯೇ ಆಗಿರಲಿಲ್ಲ, ಸ್ವಿಚ್ಚಿನ ಎರಡೂ ಕಡೆಗೆ ಹಳೆಯದರ ವೈರೇ ತಾಗಿಕೊಂಡಿತ್ತು. ಆ ಕಡೆ ಒತ್ತಿದಾಗಲೂ ನಡೆದದ್ದು ಹಳೆಯದೇ.

“ಮಾಸ್ತರ, ನೀವು ಎರಡೂ ಸಲ ಕೇಳಿದ್ದು ಒಂದರಿ,” ಎಂದರು ಸಣ್ಣ ದನಿಯಲ್ಲಿ.

ಮಾಸ್ತರರು ಒಂದಿಷ್ಟೂ ಅಲುಗಲಿಲ್ಲ. ಚಹಾದ ಬಟ್ಟಲು ತೆಗೆದುಕೊಂಡು, “ಮತ್ತ ನಾ ಏನಂದೆ? ಎರಡೂ ಸಲ ಕಡ್ಲೀನ ಅಂದೆನಲ್ರಿ!” ಎಂದರು.

ರೊಟ್ಟಿ ಬಡಿಯುವಾಗ

ಕೊನೆಗೆ ಸರದಿ ನನಗೆ ಬಂತು. ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಇವರು ಪಡಸಾಲೆಯಿಂದ ಕೂಗುವುದು: “ಈಗ ಹ್ಯಾಂಗೈತಿ?” ನಾನು: “ಚಲೋ ಐತ್ರಿ!” “ಈಗ?” “ಈಗ ಇನ್ನೂ ಚಲೋ ಐತ್ರಿ!” ಒಂದು ಕೈ ರೊಟ್ಟಿಯ ಮೇಲೆ, ಇನ್ನೊಂದು ಕೈ ಒಲೆಯ ಸೌದೆಯ ಮೇಲೆ, ನನಗೆ ಹಾಡೂ ಕೇಳುತ್ತಿರಲಿಲ್ಲ, ಗುಂಯ್ ಎನ್ನುವುದೂ ಕೇಳುತ್ತಿರಲಿಲ್ಲ. ಆದರೆ ಆ ದನಿಯಲ್ಲಿನ ಆಸೆ ಕೇಳುತ್ತಿತ್ತು. ಅದಕ್ಕೆ ಇಲ್ಲವೆನ್ನಲು ಮನಸ್ಸು ಬರುತ್ತಿರಲಿಲ್ಲ.

ಒಂದು ಸಂಜೆ ಹೀಗೇ, “ಈಗ?” ಎಂದರು.

“ಅಗದಿ ಚಲೋ ಐತ್ರಿ! ಇಷ್ಟು ಚಲೋ ಎಂದೂ ಕೇಳಿದ್ದಿಲ್ಲ!”

ಬಾಗಿಲಿಗೆ ಬಂದು ನಿಂತರು. “ನಾ ಇನ್ನೂ ಹಾಡ ಹಚ್ಚೇ ಇಲ್ಲ.”

ಒಲೆಯ ಮುಂದೆ ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ಅದಕ್ಕ ಅಷ್ಟು ಚಲೋ ಅನಿಸೇತಿ ಆಕಿಗೆ.”

ಪಂಚಮಿಯ ಟೇಪು

ನಾವೆಲ್ಲ ನಕ್ಕೆವು. ಇವರು ನಗಲಿಲ್ಲ. ಮರುದಿನ ಭಾನುವಾರ. ಬೆಳಿಗ್ಗೆ ಎದ್ದವರೇ ವೈರುಗಳನ್ನು ಸುತ್ತತೊಡಗಿದರು. “ಇಲ್ಲದ ಫರಕ ನನಗೊಬ್ಬಾಂವಗ ಕೇಳಾಕತ್ತೈತಿ. ಇನ್ನ ಸಾಕು. ಅವ್ವಗ ಮಾತು ಕೊಟ್ಟೀನಿ,” ಎಂದರು. ಅವರ ದನಿ ಅಷ್ಟು ಸಪ್ಪಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅತ್ತೆಗೂ ಹೇಗೋ ಆಯಿತು. “ಇರಲಿ ಬಿಡೋ, ನಾ ಅಡಿಗಿ ಮನ್ಯಾಗ ಮಲಗತೀನಿ,” ಅಂದರು. ಇವರು ಕೇಳಲಿಲ್ಲ.

“ಎತ್ತಿಡೂಕಿಂತ ಮೊದಲ ನಂದೊಂದು ಟೇಪ್ ಹಚ್ಚರಿ,” ಎಂದೆ ನಾನು.

ಅದರಲ್ಲಿದ್ದದ್ದು ನನ್ನ ಅಪ್ಪನ ದನಿ. ನನ್ನ ತವರು ಅಣ್ಣಿಗೇರಿ. ಮದುವೆಯಾದ ವರ್ಷ ನಾಗರಪಂಚಮಿಗೆ ಹೋದಾಗ, ಅಪ್ಪ ಏಕತಾರಿ ಹಿಡಿದು ತತ್ವಪದ ಹಾಡಿದ್ದನ್ನು ಇವರೇ ಸೆಲ್ಲು ಹಾಕಿ ನಡೆಸುವ ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಂಡಿದ್ದರು. ಮುಂದೆ ಅಪ್ಪ ತೀರಿಕೊಂಡ. ಅಪ್ಪನದು ಮೊದಲೇ ಸಣ್ಣ ದನಿ, ರೆಕಾರ್ಡರು ಇಟ್ಟದ್ದು ದೂರ. ಎಷ್ಟು ಸಲ ಹಚ್ಚಿದರೂ ಗುಂಯ್ ಎನ್ನುವುದರೊಳಗೆ ಅಪ್ಪ ಮುಳುಗಿಹೋಗುತ್ತಿದ್ದ. ಕೇಳಿದರೆ ಸಂಕಟವೇ ಹೆಚ್ಚಾಗುತ್ತದೆಂದು ಆ ಟೇಪನ್ನು ಟ್ರಂಕಿನಲ್ಲಿಟ್ಟಿದ್ದೆ.

ಇವರು ಮತ್ತೆ ವೈರು ಜೋಡಿಸಿ, ಹೊಸ ಡಬ್ಬಿಯ ಕಡೆ ಸ್ವಿಚ್ಚು ಒತ್ತಿ, ಹಚ್ಚಿದರು. ಏಕತಾರಿ ಮಿಡಿಯಿತು. ಅಪ್ಪ ಹಾಡಿದ. ಉಸಿರು ತೆಗೆದುಕೊಂಡದ್ದೂ ಕೇಳಿತು. ನನ್ನ ಕಣ್ಣು ತುಂಬಿ ಬಂದವು. ಪದ ಮುಗಿಯಿತು. ಮೊದಲೆಲ್ಲ ಇಲ್ಲಿಂದ ಮುಂದೆ ಬರೀ ಗುಂಯ್ ಎನ್ನುತ್ತಿತ್ತು. ಈಗ ಅಪ್ಪ ಕೆಮ್ಮಿದ್ದು ಕೇಳಿತು. ಆಮೇಲೆ, ಬಾಜು ಕೂತ ನನ್ನ ಅವ್ವನಿಗೆ ಪಿಸುಗುಟ್ಟಿದ್ದು:

“ಅಳಿಯಾ ದನಾ ನೋಡತಾನಂತ ಹೇಳಿ ಮಗಳನ್ನ ಕೊಟ್ಟಿವಿ. ಬಂದಾಗಿಂದ ಬರೇ ಆ ಡಬ್ಬೀನ ನೋಡಾಕತ್ತಾನಲ್ಲ. ತಲಿ ನೆಟ್ಟಗೈತೋ ಇಲ್ಲೋ?”

ಇವರು ತಟ್ಟನೆ ಟೇಪು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಹಳೆಯ ಡಬ್ಬಿಗೆ ಹಾಕಿದರು. ಗುಂಯ್... ಮಾತಿಲ್ಲ, ಕೆಮ್ಮೂ ಇಲ್ಲ. ಹೊಸದಕ್ಕೆ ಹಾಕಿದರು. “ತಲಿ ನೆಟ್ಟಗೈತೋ ಇಲ್ಲೋ?” ಮತ್ತೆ ಹಳೆಯದು: ಗುಂಯ್. ಮತ್ತೆ ಹೊಸದು: “ತಲಿ ನೆಟ್ಟಗೈತೋ ಇಲ್ಲೋ?” ಇವರ ಮುಖ ಹಬ್ಬದಂತಾಯಿತು. ಅತ್ತೆ ಬೀಗರ ಮಾತಿಗೆ ಹೌದು ಹೌದು ಎಂದು ತಲೆಯಾಡಿಸುತ್ತಲೇ, “ಇನ್ನ ಆ ಪೆಟಗಿ ಅಲ್ಲೇ ಇರಲಿ ಬಿಡಪಾ,” ಎಂದರು.

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಕಳೆದುಹೋದ ಅಪ್ಪನನ್ನು ಮನೆಗೆ ಕರೆತಂದು ಕೂಡಿಸಿದ ಆ ಮನುಷ್ಯನಿಗೆ ಹೇಗೆ ಉಪಕಾರ ಹೇಳಬೇಕೆಂದು ತಿಳಿಯದೆ, “ಮುಂದ ಬಿಡ್ರಿ, ಇನ್ನೂ ಏನೋ ಐತಿ,” ಎಂದೆ. ಟೇಪು ಮುಂದೆ ಓಡಿತು. ನನ್ನ ಅವ್ವನ ಗಾಬರಿಯ ದನಿ:

“ಸಾವಕಾಶ ಅನ್ರಿ! ಅಳಿಯಗ ಕೇಳೀತು!”

ಅಪ್ಪ ನಿಶ್ಚಿಂತೆಯಿಂದ ಹೇಳಿದ: “ಅಂವಗೇನು ಕೇಳತೈತಿ? ಬಿಡ.”

ಇವರು ಧಡಕ್ಕನೆ ಎದ್ದು ನಿಂತು, ಸ್ಪೀಕರಿಗೆ ಎರಡೂ ಕೈ ಜೋಡಿಸಿ, ಊರಿಗೇ ಕೇಳುವಂತೆ ಕೂಗಿದರು:

“ಕೇಳ್ತರಿ ಮಾವಾರ! ಅಗದಿ ಸಾಫ್ ಕೇಳ್ತು!”