ಅಡುಗೆಮನೆಯ ಶಿಳ್ಳೆಗೆ ಬದಲಿ ವ್ಯವಸ್ಥೆ

ಸಂಖ್ಯೆ: ಹವಾಇ/ಶಿಳ್ಳೆ/17

ವಿಷಯ: ಒಣದ್ರಾಕ್ಷಿಯ ಬೀಜ ತೆಗೆಯುವಾಗ ಹಡಗಿನ ಅಡುಗೆಯವರು ಶಿಳ್ಳೆ ಹಾಕುವ ಬಗ್ಗೆ.

ಉಲ್ಲೇಖ: 1. ಹಡಗಿನ ಹಳೆಯ ವಾಡಿಕೆ (ಬರವಣಿಗೆಯಲ್ಲಿ ಇಲ್ಲ).
2. ಅಡುಗೆಯವರ ಸಮಜಾಯಿಷಿ (ಎಣ್ಣೆ ಕಲೆ ಸಹಿತ).

ಹಡಗಿನಲ್ಲಿ ಆಜ್ಞೆಗಳನ್ನು ಸೀಟಿಯೂದಿ ಕೊಡುವುದರಿಂದ ಬೇರೆ ಯಾರೂ ಶಿಳ್ಳೆ ಹಾಕಕೂಡದು. ಅಡುಗೆಯವರಿಗೆ ಮಾತ್ರ ವಿನಾಯಿತಿ. ದ್ರಾಕ್ಷಿ ಬಿಡಿಸುವಷ್ಟು ಹೊತ್ತೂ ಅವರು ಶಿಳ್ಳೆ ಹಾಕುತ್ತಲೇ ಇರತಕ್ಕದ್ದು. ಶಿಳ್ಳೆ ಹಾಕುವ ಬಾಯಿ ತಿನ್ನಲಾರದೆಂಬುದು ಹಿರಿಯರ ಅಭಿಪ್ರಾಯ.

ಕಳೆದ ಮಂಗಳವಾರ ಹಡಗು ಓಲಾಡಿದಾಗ ಪಾತ್ರೆಯ ಮುಚ್ಚಳ ಬಡಿದು ಅಡುಗೆಯವರ ಮುಂದಿನ ಎರಡು ಹಲ್ಲು ಹೋಗಿವೆ. ಶಿಳ್ಳೆಯೂ ಹೋಗಿದೆ. ಆದ್ದರಿಂದ ಅವರನ್ನು ಮುಂದಿನ ಬಂದರಿನಲ್ಲಿ ಇಳಿಸಲು ಆದೇಶಿಸಲಾಗಿತ್ತು. ಇಪ್ಪತ್ತೆರಡು ವರ್ಷ ಇದೇ ಒಲೆಯ ಮುಂದೆ ನಿಂತ ಅವರ ಸಮಜಾಯಿಷಿ ಹೀಗಿದೆ: "ಊದಿದ್ರೆ ಗಾಳಿ ಬರುತ್ತೆ ಸ್ವಾಮಿ, ಶಿಳ್ಳೆ ಬರ್ತಿಲ್ಲ. ಹಲ್ಲಿಲ್ದೋನು ಕದ್ದು ತಿಂತಾನೆ ಅಂದ್ರೆ ಮೀನೂ ನಗುತ್ತೆ."

ಪರಿಶೀಲಿಸಿ, ಸಮಸ್ತರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಅಡುಗೆಯವರ ಬಾಯಿಂದ ಬರುವ 'ಫೂ' ಎಂಬುದನ್ನು ಶಿಳ್ಳೆಯೆಂದು ಪರಿಗಣಿಸಲಾಗದು. ಅದು ಗಾಳಿ. ಅನುಮತಿಯಿಲ್ಲದೆ ಗಾಳಿ ಎಬ್ಬಿಸುವುದಕ್ಕೆ ಹವಾಮಾನ ವಿಭಾಗ ಲಿಖಿತ ಆಕ್ಷೇಪಣೆ ಸಲ್ಲಿಸಿದೆ.

2. ಬಾಗಿಲ ಮರೆಯಲ್ಲಿ ನಿಂತು ಅವರ ಪರವಾಗಿ ಶಿಳ್ಳೆ ಹಾಕಿದ ಇಬ್ಬರು ನಾವಿಕರಿಗೆ ಎಚ್ಚರಿಕೆ ನೀಡಲಾಗಿದೆ. "ಅಣ್ಣನ್ನ ಇಳಿಸ್ಬಿಟ್ರೆ ಉಂಡ್ರಾ ಅಂತ ಕೇಳೋರ್ಯಾರು?" ಎಂಬ ಅವರ ಉತ್ತರವನ್ನು ಕಡತದಲ್ಲಿ ಸೇರಿಸಲಾಗಿದೆ. ಅವರ ಜೇಬಿನಲ್ಲಿದ್ದ ದ್ರಾಕ್ಷಿಯನ್ನೂ.

3. ಇನ್ನು ಮುಂದೆ ಶಿಳ್ಳೆಯ ಬದಲು ಅಡುಗೆಯವರು ದೇವರ ಪ್ರಾರ್ಥನೆಯನ್ನು ಗಟ್ಟಿಯಾಗಿ ಹಾಡತಕ್ಕದ್ದು. ಯಾವ ದೇವರೆಂಬುದು ಅವರ ಇಚ್ಛೆ. ಪ್ರಾರ್ಥನೆ ಉದ್ದವಾಗಿರಬೇಕೆಂಬುದಷ್ಟೇ ಇಲಾಖೆಯ ಷರತ್ತು.

4. ನಡುವೆ ಉಸಿರೆಳೆದುಕೊಳ್ಳುವ ಬಿಡುವು ಒಂದು ದ್ರಾಕ್ಷಿ ಅಗಿಯುವ ಸಮಯಕ್ಕಿಂತ ಕಡಿಮೆಯಿರತಕ್ಕದ್ದು. ಈ ಸಮಯವನ್ನು ನಿಗದಿಪಡಿಸಲು ಕೆಳಗೆ ಸಹಿ ಮಾಡಿದವರು ಖುದ್ದಾಗಿ ನಲವತ್ತು ದ್ರಾಕ್ಷಿ ಅಗಿದಿದ್ದಾರೆ. ಪ್ರಯೋಗ ಮುಂದುವರಿದಿದೆ.

5. ಹಾದುಹೋಗುವವರು ಪ್ರಾರ್ಥನೆಗೆ ಗೌರವ ಸೂಚಿಸಿ ಟೋಪಿ ತೆಗೆಯತಕ್ಕದ್ದು. ತೆಗೆದ ಟೋಪಿಯನ್ನು ದ್ರಾಕ್ಷಿಗಾಗಿ ಚಾಚಕೂಡದು.

6. ಅಗಲಿದವರನ್ನು ನೆನೆಯುವ ಪ್ರಾರ್ಥನೆಯನ್ನು ಕೆಲಸದ ವೇಳೆಯಲ್ಲಿ ಹಾಡಕೂಡದು. ಪರೀಕ್ಷಾರ್ಥ ಹಾಡಿಸಿದಾಗ ಅರ್ಧ ಹಡಗು ಕೆಲಸ ನಿಲ್ಲಿಸಿ ಕಣ್ಣೊರೆಸಿಕೊಂಡಿದೆ. ಕೆಳಗೆ ಸಹಿ ಮಾಡಿದವರೂ ಸೇರಿ.

7. ಅಡುಗೆಯವರನ್ನು ಇಳಿಸುವ ಆದೇಶವನ್ನು ರದ್ದುಪಡಿಸಲಾಗಿದೆ.

ಸಹಿ/-
ಹಡಗು ವಾಡಿಕೆಗಳ ಇಲಾಖೆಯ ಮೇಲ್ವಿಚಾರಕರು

ಪ್ರತಿಗಳು:
1. ಅಡುಗೆಯವರಿಗೆ. ಓದಿ, ಈ ಕಾಗದದಲ್ಲಿ ಏನನ್ನೂ ಕಟ್ಟಿಡದಿರಲು.
2. ಹವಾಮಾನ ವಿಭಾಗಕ್ಕೆ. ಗಾಳಿ ನಿಂತಿದೆ.
3. ಬಂದರು ಅಧಿಕಾರಿಗೆ. ಇಳಿಯುವವರು ಯಾರೂ ಇಲ್ಲ.
4. ಅಡುಗೆಯವರ ಪತ್ನಿಗೆ. ಬರುತ್ತಾರೆಂದು ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಲ್ಲಿ, ವಿಷಾದಪೂರ್ವಕವಾಗಿ, ಮತ್ತೆ ಸುತ್ತಿಡಲು ಕೋರಿದೆ.